ಕಸದ ಲಾರಿಯ ಬಾಡಿಗೆ ಯಾರ ತಲೆಗೆ?

ಎರಡು ಮಳೆಗಾಲದ ಹಿಂದೆ, ರಾತ್ರಿ ಹನ್ನೊಂದರ ಹೊತ್ತಿಗೆ ಲಾರಿ ಡ್ರೈವರ್ ಫೋನು ಬಂತು. "ಸಾರ್, ಲೋಡ್ ವಾಪಸ್ ಅಂತಿದಾರೆ. ಗೇಟಲ್ಲೇ ನಿಲ್ಸಿದಾರೆ."

ಬೆಂಗಳೂರಿನ ಒಣ ಕಸ ಅದು. ಗುಜರಿಗೂ ಹೋಗದ ಚಿಪ್ಸ್ ಕವರು, ಹರಿದ ಬಟ್ಟೆ, ಥರ್ಮಾಕೋಲು, ಕೊಳೆಯಾದ ಪ್ಲಾಸ್ಟಿಕ್ಕನ್ನೆಲ್ಲ ನಮ್ಮ ಘಟಕದಲ್ಲಿ ಚೂರು ಮಾಡಿ, ಒತ್ತಿ ಬೇಲ್ ಕಟ್ಟಿ ಕಲಬುರಗಿ ಕಡೆಯ ಒಂದು ಸಿಮೆಂಟ್ ಕಾರ್ಖಾನೆಗೆ ಕಳಿಸಿದ್ದೆವು. ನಮ್ಮ ಭಾಷೆಯಲ್ಲಿ ಇದಕ್ಕೆ ಆರ್‌ಡಿಎಫ್ ಅಂತೀವಿ, ಕಸದಿಂದ ಮಾಡಿದ ಉರುವಲು. ಹೊರಡುವಾಗ ತೇವಾಂಶ ಶೇ 17 ಇತ್ತು. ಹಿರಿಯೂರು ದಾಟಿದ ಮೇಲೆ ಮಳೆ ಹಿಡಿದಿದೆ, ಟಾರ್ಪಾಲು ಒಂದು ಮೂಲೆಯಲ್ಲಿ ಹರಿದಿತ್ತು. ಕಾರ್ಖಾನೆಯ ಲ್ಯಾಬಿನವರು ಸ್ಯಾಂಪಲ್ ತೆಗೆದರೆ ಶೇ 31.

ಲಾರಿ ಅಲ್ಲೇ ನಿಂತಿತು. ಕಾರ್ಖಾನೆಯವರಿಗೆ ಒದ್ದೆ ಮಾಲು ಬೇಡ. ನಗರದವರ ಲೆಕ್ಕದಲ್ಲಿ ವೇಬ್ರಿಡ್ಜ್, ಅಂದರೆ ಲಾರಿ ತೂಗುವ ಕಟ್ಟೆ, ದಾಟಿದ ಕಸ ಅವರದ್ದಲ್ಲ. ಲಾರಿ ಮಾಲೀಕರಿಗೆ ದಿನಕ್ಕಿಷ್ಟು ಅಂತ ಹಾಲ್ಟಿಂಗ್ ಬೇಕು. ಕೊನೆಗೆ ಪಕ್ಕದೂರಿನ ಒಂದು ಖಾಲಿ ಗೋದಾಮು ಹಿಡಿದು, ಬೇಲ್ ಬಿಚ್ಚಿ ಒಣಗಿಸಿ, ನಾಲ್ಕನೇ ದಿನ ಒಳಗೆ ಕಳಿಸಿದೆವು. ದುಡ್ಡು ಯಾರದ್ದು ಅಂತ ಕೇಳಬೇಡಿ, ನಮ್ಮದೇ.

ಒಬ್ಬರ ಕಸ ಇನ್ನೊಬ್ಬರ ಸರಕು ಎನ್ನುವ ವರ್ತುಲ ಆರ್ಥಿಕತೆಯ ಸೆಮಿನಾರುಗಳಲ್ಲಿ ಪರದೆ ಮೇಲೆ ಹಸಿರು ಬಣ್ಣದ ಒಂದು ವೃತ್ತ ಬರುತ್ತದೆ, ಬಾಣಗಳೆಲ್ಲ ಸಲೀಸಾಗಿ ತಿರುಗುತ್ತವೆ. ನನ್ನ ಕೆಲಸವೆಲ್ಲ ಆ ಬಾಣದ ಮೇಲೆಯೇ. ಅಲ್ಲಿ ಹೆದ್ದಾರಿ ಇದೆ, ಟೋಲ್ ಇದೆ, ಮಳೆ ಇದೆ.

ಸಿಮೆಂಟ್ ಗೂಡೇ ಯಾಕೆ ಅಂದರೆ, ಕ್ಲಿಂಕರ್, ಅಂದರೆ ಪುಡಿ ಮಾಡಿದರೆ ಸಿಮೆಂಟ್ ಆಗುವ ಗಟ್ಟಿ, ಸುಡುವಾಗ ಒಳಗಿನ ಮಾಲು ಸುಮಾರು 1450 ಡಿಗ್ರಿಗೆ ಏರುತ್ತದೆ, ಜ್ವಾಲೆಯ ಬಿಸಿ ಅದಕ್ಕಿಂತ ಜಾಸ್ತಿ. ಕಸ ಉರಿದು ಉಳಿದ ಬೂದಿ ಕ್ಲಿಂಕರಿನೊಳಗೇ ಸೇರಿಹೋಗುತ್ತದೆ, ಹೊರಗೆ ಸುರಿಯಲು ಏನೂ ಉಳಿಯುವುದಿಲ್ಲ. ಅಷ್ಟರಮಟ್ಟಿಗೆ ಕಲ್ಲಿದ್ದಲೂ ಉಳಿಯಿತು. ಆದರೆ ಗೂಡಿಗೆ ನಾಲಿಗೆ ಸೂಕ್ಷ್ಮ. ಪಿವಿಸಿ ಪೈಪಿನ ಚೂರೋ ರೆಕ್ಸಿನ್ನೋ ಜಾಸ್ತಿ ಬಿದ್ದರೆ ಅದರೊಳಗಿನ ಕ್ಲೋರಿನ್ ಆವಿಯಾಗಿ ಮೇಲೆ ಹೋಗಿ, ಮಾಲನ್ನು ಮೊದಲು ಬಿಸಿ ಮಾಡುವ ಪ್ರೀಹೀಟರಿನ ತಣ್ಣಗಿನ ಭಾಗದಲ್ಲಿ ಉಪ್ಪಿನಂತೆ ಕಟ್ಟಿಕೊಳ್ಳುತ್ತದೆ. ಪ್ರೀಹೀಟರಿನ ಸೈಕ್ಲೋನ್ ಎಂಬ ಕೊಳವೆ ಕಟ್ಟಿಕೊಂಡು ಗೂಡು ನಿಲ್ಲಿಸಬೇಕಾಗಿ ಬಂದರೆ ಆಗುವ ನಷ್ಟದ ಮುಂದೆ ನಮ್ಮ ಲೋಡಿನ ಬೆಲೆ ಏನೂ ಅಲ್ಲ. ಕೇಂದ್ರದ ನಗರ ವ್ಯವಹಾರ ಸಚಿವಾಲಯ 2018ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಮೂರನೇ ದರ್ಜೆಯ ಆರ್‌ಡಿಎಫ್‌ಗೆ ತೇವಾಂಶ ಶೇ 20ರೊಳಗೆ, ಕ್ಲೋರಿನ್ ಶೇ 1ರೊಳಗೆ, ಶಾಖ ಕೆಜಿಗೆ 3000 ಕಿಲೋಕ್ಯಾಲರಿಗಿಂತ ಮೇಲಿರಬೇಕು. ನೀರಿನ ಲೆಕ್ಕ ನೋಡಿ: 15 ಟನ್ ಲೋಡಿನಲ್ಲಿ ಶೇ 31 ತೇವ ಅಂದರೆ ನಾಲ್ಕೂವರೆ ಟನ್‌ಗೂ ಮಿಕ್ಕಿ ನೀರು. ಅದಕ್ಕೂ ಬಾಡಿಗೆ ಕೊಟ್ಟು ಹೊತ್ತೊಯ್ದು, ಅದನ್ನು ಆವಿ ಮಾಡಲು ಗೂಡಿನವರು ಮತ್ತೆ ಶಾಖ ಖರ್ಚು ಮಾಡಬೇಕು. ಆ ಲ್ಯಾಬಿನ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ.

2016ರ ಘನತ್ಯಾಜ್ಯ ನಿಯಮದಲ್ಲಿ ಒಂದು ಮಾತಿತ್ತು: ಆರ್‌ಡಿಎಫ್ ಘಟಕದಿಂದ 100 ಕಿಲೋಮೀಟರ್ ಒಳಗಿರುವ, ಉರುವಲು ಬಳಸುವ ಕಾರ್ಖಾನೆಗಳು ತಮ್ಮ ಉರುವಲಿನಲ್ಲಿ ಕನಿಷ್ಠ ಶೇ 5ರಷ್ಟನ್ನು ಇದಕ್ಕೆ ಬದಲಿಸಿಕೊಳ್ಳಬೇಕಿತ್ತು. ಕಾಗದದ ಮೇಲೆ ಚೆಂದ. ಆದರೆ ಸಿಮೆಂಟ್ ಗೂಡು ಹುಟ್ಟುವುದು ಸುಣ್ಣದಕಲ್ಲು ಇರುವಲ್ಲಿ, ಕಸ ಹುಟ್ಟುವುದು ಜನ ಇರುವಲ್ಲಿ. ಸಿಮೆಂಟ್ ಕಾರ್ಖಾನೆಗಳಿರುವ ವಾಡಿ, ಸೇಡಂ, ಮಳಖೇಡ ಎಲ್ಲ ಬೆಂಗಳೂರಿಂದ 500 ಕಿಲೋಮೀಟರಿಗೂ ಆಚೆ. ನಿಯಮದ ನೂರು ಕಿಲೋಮೀಟರಿನ ಗೆರೆ ನಮ್ಮ ಲಾರಿಗೆ ಎಲ್ಲಿ ಮುಟ್ಟೀತು?

ಹಾಗಂತ ಕಸವನ್ನು ಊರ ಪಕ್ಕದಲ್ಲೇ ಸುರಿಯುವ ಕಾಲವೂ ಮುಗಿದಿದೆ. ಬೆಂಗಳೂರಿನ ಕಸ ಬೀಳುತ್ತಿದ್ದ ಮಂಡೂರಿನವರು ವರ್ಷಗಟ್ಟಲೆ ನಾತ ಕುಡಿದು, ಲಾರಿಗಳಿಗೆ ಅಡ್ಡ ಕೂತು, 2014ರ ಕೊನೆಗೆ ಅದನ್ನು ನಿಲ್ಲಿಸಿದರು. ನಗರಕ್ಕೂ ಹೊರಗಿನ ಊರಿಗೂ ನಡುವೆ ಕಸದ ಸಂಬಂಧ ನಮ್ಮಲ್ಲಿ ಶುರುವಾಗಿದ್ದೇ ಜಗಳದಿಂದ. ನಂಬಿಕೆ ಅಲ್ಲಿಂದ ಕಟ್ಟಿಕೊಂಡು ಬರಬೇಕು.

ಒಬ್ಬರ ಕಸ ಇನ್ನೊಬ್ಬರಿಗೆ ಸರಕಾಗುವ ವಿಷಯದಲ್ಲಿ ಎಲ್ಲರೂ ಡೆನ್ಮಾರ್ಕಿನ ಕಾಲುಂಡ್‌ಬೋರ್ಗ್ ಹೆಸರು ಹೇಳುತ್ತಾರೆ, ನಾನೂ ಹೇಳಿದ್ದೇನೆ. ಅದೊಂದು ಸಣ್ಣ ಬಂದರು ಪಟ್ಟಣ. 1961ರ ಹೊತ್ತಿಗೆ ತೈಲ ಶುದ್ಧೀಕರಣ ಘಟಕಕ್ಕೆ ನೀರು ಬೇಕಿತ್ತು, ಅಂತರ್ಜಲ ಸಾಲದು. ಟಿಸ್ಸೋ ಸರೋವರದಿಂದ ಪೈಪು ಎಳೆದರು. 1972ರಲ್ಲಿ ಘಟಕದ ಹೆಚ್ಚುವರಿ ಅನಿಲ ಪಕ್ಕದ ಜಿಪ್ಸಂ ಬೋರ್ಡ್ ಕಾರ್ಖಾನೆಗೆ ಹೋಯಿತು. ಆಮೇಲೆ ವಿದ್ಯುತ್ ಸ್ಥಾವರದ ಹಬೆ ಔಷಧ ಕಾರ್ಖಾನೆಗೆ, ಬಿಸಿ ಊರಿನ ಮನೆಗಳಿಗೆ, ಹೊಗೆ ತೊಳೆದಾಗ ಸಿಗುವ ಜಿಪ್ಸಂ ಮತ್ತೆ ಅದೇ ಬೋರ್ಡ್ ಕಾರ್ಖಾನೆಗೆ. ಒಂದೊಂದೂ ಇಬ್ಬಿಬ್ಬರ ನಡುವಿನ ಒಪ್ಪಂದ, ಇಬ್ಬರಿಗೂ ಲಾಭ ಕಂಡಾಗ ಮಾತ್ರ. ಅದಕ್ಕೆಲ್ಲ ಒಂದು ದೊಡ್ಡ ಹೆಸರು ಬಂದದ್ದು ಎಷ್ಟೋ ವರ್ಷ ಕಳೆದ ಮೇಲೆ. ಅಲ್ಲಿ ಕೊಡುವವರೂ ಪಡೆಯುವವರೂ ಒಂದೇ ಊರಿನವರು, ನಡುವೆ ಪೈಪು. ನಮ್ಮಲ್ಲಿ ನಡುವೆ ಡೀಸೆಲ್ಲು.

ಪೈಪು ಇದ್ದ ಮಾತ್ರಕ್ಕೆ ಎಲ್ಲ ಸುಸೂತ್ರ ಅಂತಲೂ ಅಲ್ಲ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ಕೊಳಚೆ ನೀರು ದಿನಕ್ಕೆ 440 ದಶಲಕ್ಷ ಲೀಟರಿನಂತೆ ಕೋಲಾರದ ಕೆರೆಗಳಿಗೆ ಕೊಡುವ ಯೋಜನೆ 2018ರಲ್ಲಿ ಶುರುವಾಯಿತು. ತಿಂಗಳೊಪ್ಪತ್ತಿನಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಬತ್ತಿದ್ದ ಕೆರೆ ತುಂಬಿದ್ದು ನಿಜ, ನೀರು ಕೊಡುವವರೇ ಪರೀಕ್ಷೆಯನ್ನೂ ಮಾಡಿದರೆ ಹೇಗೆ ನಂಬುವುದು ಅಂತ ರೈತ ಕೇಳುವುದರಲ್ಲೂ ನ್ಯಾಯವಿದೆ. ನನ್ನ ಒದ್ದೆ ಲೋಡಿನ ಕತೆಯೂ ಅದೇ, ಸ್ಯಾಂಪಲ್ ತೆಗೆದವರು ಒಬ್ಬರೇ.

ಆ ರಾತ್ರಿಯ ನಂತರ ಒಪ್ಪಂದದಲ್ಲಿ ಮೂರು ಸಾಲು ಸೇರಿಸಿಕೊಂಡೆವು. ಸ್ಯಾಂಪಲ್ ಎರಡೂ ಕಡೆ ತೆಗೆಯಬೇಕು, ಎರಡೂ ಕಡೆಯವರು ಸೀಲು ಹಾಕಬೇಕು. ತೇವ ಮಿತಿ ಮೀರಿದರೆ ಲೋಡು ವಾಪಸ್ ಕಳಿಸುವಂತಿಲ್ಲ, ನೀರಿನ ತೂಕ ಕಳೆದು ಲೆಕ್ಕ ಹಾಕಬೇಕು. ಕ್ಲೋರಿನ್ ಮೀರಿದರೆ ಮಾತ್ರ ವಾಪಸ್, ಖರ್ಚು ನಮ್ಮದು. ಮೂರನೆಯದಕ್ಕೆ ನಾನು ಸಂತೋಷದಿಂದಲೇ ಸಹಿ ಹಾಕಿದೆ, ಯಾಕೆಂದರೆ ಪಿವಿಸಿ ಹೆಕ್ಕಿ ತೆಗೆಯುವುದು ನಮ್ಮ ಕೈಲಿದೆ. ಕಸ ಬೇರ್ಪಡಿಸುವ ನಮ್ಮ ಬೆಲ್ಟಿನ ಬಳಿ ಕೆಲಸ ಮಾಡುವ ಹೆಂಗಸರಲ್ಲಿ ಹೆಚ್ಚಿನವರು ಮೊದಲು ರಸ್ತೆಯಲ್ಲಿ ಕಸ ಆಯುತ್ತಿದ್ದವರು. ಒಂದು ಚೂರನ್ನು ಬಗ್ಗಿಸಿ, ಮುರಿಯುವ ಸದ್ದು ಕೇಳಿಯೇ ಇದು ಪಿವಿಸಿ ಅಂತ ಹೇಳುತ್ತಾರೆ. ಮಾರಲು ಬರುವ ಪ್ಲಾಸ್ಟಿಕ್ ಗೂಡಿಗೆ ಹೋಗದಂತೆ ತಡೆಯುವವರೂ ಅವರೇ. ಗೂಡು ಕೊನೆಯ ಬಾಗಿಲು. ಮರುಬಳಕೆ ಆಗುವುದನ್ನೂ ಸುಡುವ ಆಸೆ ಟನ್ ಲೆಕ್ಕ ತೋರಿಸಬೇಕಾದ ಅಧಿಕಾರಿಗಳಿಗೆ ಆಗಾಗ ಬರುತ್ತದೆ, ಅದಕ್ಕೆ ನಾನು ಒಪ್ಪುವುದಿಲ್ಲ.

ಈಗ ಲಾರಿ ಹೊರಡುವ ಮುಂಚೆ ಡ್ರೈವರ್ ಟಾರ್ಪಾಲಿನ ನಾಲ್ಕೂ ಮೂಲೆಯ ಫೋಟೊ ವಾಟ್ಸಾಪ್ ಮಾಡುತ್ತಾನೆ. ಬಾಡಿಗೆಯ ಮಾತು ಮಾತ್ರ ಪ್ರತಿ ಏಪ್ರಿಲಿನಲ್ಲಿ ಮೊದಲಿಂದ ಶುರು. ನಗರದ ಟೆಂಡರಿನಲ್ಲಿ ಟನ್ನಿಗಿಷ್ಟು ಅಂತ ಒಂದೇ ದರ ಇರುತ್ತದೆ, ಎಷ್ಟು ದೂರ ಅಂತ ಕೇಳುವ ಕಾಲಮ್ಮೇ ಅದರಲ್ಲಿಲ್ಲ. ಈ ಸಲ ಕೈಯಲ್ಲಿ ಬರೆದು ಒಂದು ಕಾಲಮ್ ಸೇರಿಸಿ ಕೊಟ್ಟು ಬಂದಿದ್ದೇನೆ.