ಫಾರ್ಮುಲಾ ಒನ್‌ಗೆ ಹೊಸ ತಂಡ: ಪ್ರವೇಶ ಶುಲ್ಕದ ಆಚೆಗಿನ ಲೆಕ್ಕ

2026ರ ಋತುವಿಗೆ ಹನ್ನೊಂದನೆಯ ತಂಡವಾಗಿ ಪ್ರವೇಶ ಪಡೆದ ಕ್ಯಾಡಿಲಾಕ್, ಆ ಹಕ್ಕಿಗಾಗಿಯೇ ಸುಮಾರು 45 ಕೋಟಿ ಡಾಲರ್ ತೆರಬೇಕಾಯಿತೆಂದು ವರದಿಯಾಗಿದೆ. ತಂಡಗಳು ಮತ್ತು ಸ್ಪರ್ಧೆಯ ಆಡಳಿತಗಾರರ ನಡುವೆ 2021ರಿಂದ ಜಾರಿಯಲ್ಲಿದ್ದ ಕಾನ್‌ಕಾರ್ಡ್ ಒಪ್ಪಂದದಲ್ಲಿ ಈ ಮೊತ್ತ 20 ಕೋಟಿ ಡಾಲರ್ ಆಗಿತ್ತು. ಬಹುಮಾನದ ಹಣ ಹತ್ತರ ಬದಲು ಹನ್ನೊಂದು ಪಾಲಾದಾಗ ಹಳೆಯ ತಂಡಗಳಿಗೆ ಆಗುವ ನಷ್ಟವನ್ನು ತುಂಬಿಕೊಡುವುದೇ ಈ ಶುಲ್ಕದ ಉದ್ದೇಶವಾದ್ದರಿಂದ, ಅದು ಆ ತಂಡಗಳಿಗೇ ಹಂಚಿಹೋಗುತ್ತದೆ; ಹೊಸಬರ ಕಾರಿಗೆ ಅದರಿಂದ ಒಂದು ಬೋಲ್ಟ್ ಕೂಡ ಬರುವುದಿಲ್ಲ.

ವಾಹನಗಳ ಬಿಡಿಭಾಗಗಳ ತಯಾರಿಕಾ ವೆಚ್ಚವನ್ನು ಲೆಕ್ಕ ಹಾಕುವುದು ನನ್ನ ವೃತ್ತಿ. ಸಾಮಾನ್ಯ ಕಾರಿನ ಒಂದು ಭಾಗಕ್ಕೆ ಡೈ (ಲೋಹದ ಅಚ್ಚು) ಮಾಡಿಸುವ ಖರ್ಚು ಎಷ್ಟೇ ದೊಡ್ಡದಿದ್ದರೂ ಲಕ್ಷಾಂತರ ಭಾಗಗಳ ಮೇಲೆ ಹರಡಿ ಕೊನೆಗೆ ಒಂದೊಂದರ ಬೆಲೆಯಲ್ಲಿ ಅದು ಬಹುತೇಕ ಕಾಣದಂತಾಗುತ್ತದೆ. ಫಾರ್ಮುಲಾ ಒನ್ ಕಾರಿನ ಮೂತಿಯನ್ನು ತೆಗೆದುಕೊಳ್ಳಿ. ಮೊದಲು ಅದರ ಅಚ್ಚು ಸಿದ್ಧವಾಗಬೇಕು, ಅದರೊಳಗೆ ಕಾರ್ಬನ್ ಫೈಬರ್ ಹಾಳೆಗಳನ್ನು ನಿಗದಿತ ದಿಕ್ಕಿನಲ್ಲಿ ಕೈಯಿಂದಲೇ ಒಂದರ ಮೇಲೊಂದು ಹಾಸಬೇಕು, ಆಮೇಲೆ ಆಟೋಕ್ಲೇವ್ ಎಂಬ ಮುಚ್ಚಿದ ಒತ್ತಡದ ಒಲೆಯಲ್ಲಿ ಒತ್ತಡ ಮತ್ತು ಶಾಖ ಕೊಟ್ಟು ಗಟ್ಟಿಯಾಗಿಸಬೇಕು. ಹೀಗೆ ತಯಾರಾದದ್ದು ಮೋಟಾರು ಕ್ರೀಡೆಯ ಅಂತರರಾಷ್ಟ್ರೀಯ ಆಡಳಿತ ಸಂಸ್ಥೆಯಾದ ಎಫ್‌ಐಎ ವಿಧಿಸಿದ ಅಪಘಾತ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ವಿನ್ಯಾಸವನ್ನು ಮತ್ತೆ ತಿದ್ದಬೇಕು. ಇಷ್ಟೆಲ್ಲ ಖರ್ಚನ್ನು ಹೊರುವುದು ಎರಡೇ ಕಾರುಗಳಿಗೆ ಬೇಕಾದ ಬೆರಳೆಣಿಕೆಯ ಮೂತಿಗಳು. ಇಂಥ ಸಾವಿರಾರು ಭಾಗಗಳನ್ನು, ನೂರಾರು ಎಂಜಿನಿಯರ್‌ಗಳ ಸಂಬಳದೊಂದಿಗೆ, ಮೊದಲ ರೇಸಿಗೂ ಮುನ್ನವೇ ಹೊಸ ತಂಡ ನಿಭಾಯಿಸಬೇಕಾಗುತ್ತದೆ.

ತಂಡವೊಂದು ವರ್ಷಕ್ಕೆ ಮಾಡಬಹುದಾದ ವೆಚ್ಚಕ್ಕೆ ಮಿತಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಮಿತಿ ಎಲ್ಲರಿಗೂ ಒಂದೇ, ನಿಜ. ಆದರೆ ದೊಡ್ಡ ತಂಡಗಳು ತಮ್ಮ ಕಾರ್ಖಾನೆ, ವಿಂಡ್ ಟನಲ್ (ಕಾರಿನ ಮೇಲೆ ಗಾಳಿಯ ಹರಿವನ್ನು ಪರೀಕ್ಷಿಸುವ ಸುರಂಗ), ಸಿಮ್ಯುಲೇಟರ್‌ಗಳನ್ನು 2021ರಲ್ಲಿ ಆ ಮಿತಿ ಬರುವ ಎಷ್ಟೋ ಮೊದಲೇ ಕಟ್ಟಿಕೊಂಡಿದ್ದವು. ಚಾಲಕರ ಸಂಬಳವಂತೂ ಮಿತಿಯ ಹೊರಗೇ ಇದೆ.

ಶುಲ್ಕ ಕಡಿಮೆಯಿದ್ದ ಮಾತ್ರಕ್ಕೆ ತಂಡ ಉಳಿಯುವುದಿಲ್ಲ ಎಂಬುದನ್ನು 2010 ತೋರಿಸಿತು. ಎಫ್‌ಐಎ ಅಧ್ಯಕ್ಷರಾಗಿದ್ದ ಮ್ಯಾಕ್ಸ್ ಮೋಸ್ಲಿ ಪ್ರಸ್ತಾಪಿಸಿದ್ದ 4 ಕೋಟಿ ಪೌಂಡ್ ವೆಚ್ಚಮಿತಿಯ ಭರವಸೆಯ ಮೇಲೆ ಹೊಸ ತಂಡಗಳು ಬಂದವು, ಮಿತಿ ಮಾತ್ರ ಬರಲಿಲ್ಲ. ಅವುಗಳಲ್ಲೊಂದಾದ ಎಚ್‌ಆರ್‌ಟಿ ತಂಡದಲ್ಲಿ ನಮ್ಮ ದೇಶದ ಚಾಲಕ ಕರುಣ್ ಚಂದೋಕ್ ಅವರ ಕಾರು ಬಹ್ರೇನ್‌ನ ಅರ್ಹತಾ ಸುತ್ತಿನ ಹೊತ್ತಿಗಷ್ಟೇ ಮೊದಲ ಬಾರಿ ಟ್ರ್ಯಾಕಿಗೆ ಇಳಿಯಿತು. ಆ ತಂಡ 2012ರ ಕೊನೆಗೆ ಮುಚ್ಚಿತು; ಲೋಟಸ್ ಹೆಸರಿನಲ್ಲಿ ಬಂದು ಕೇಟರ್‌ಹ್ಯಾಮ್ ಆದ ತಂಡ 2014ರ ನಂತರ ಉಳಿಯಲಿಲ್ಲ; ವರ್ಜಿನ್ ಎಂದು ಆರಂಭವಾಗಿ ಕೊನೆಗೆ ಮ್ಯಾನರ್ ಆಗಿದ್ದ ತಂಡ 2017ರ ಋತುವನ್ನೇ ಕಾಣಲಿಲ್ಲ. ಆದರೆ 2016ರಲ್ಲಿ ಬಂದ ಹಾಸ್ ತಂಡ, ಚಾಸಿಯ (ಕಾರಿನ ಮೂಲ ಚೌಕಟ್ಟಿನ) ಕೆಲಸವನ್ನು ರೇಸ್ ಕಾರು ತಯಾರಿಸುವ ಡಲ್ಲಾರಾ ಕಂಪನಿಗೆ ವಹಿಸಿ, ಎಂಜಿನ್ ಹಾಗೂ ನಿಯಮ ಒಪ್ಪುವ ಬಿಡಿಭಾಗಗಳನ್ನೆಲ್ಲ ಫೆರಾರಿಯಿಂದ ಕೊಂಡು, ಮೊದಲ ರೇಸಿನಲ್ಲೇ ಆರನೇ ಸ್ಥಾನ ಪಡೆಯಿತು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ 2007ರಲ್ಲಿ ಹೊಸ ತಂಡ ಕಟ್ಟದೆ ಸ್ಪೈಕರ್ ತಂಡವನ್ನೇ ಕೊಂಡು ಫೋರ್ಸ್ ಇಂಡಿಯಾ ಎಂದು ಹೆಸರಿಟ್ಟಾಗ, ಸಿಲ್ವರ್‌ಸ್ಟೋನ್‌ನ ಕಾರ್ಖಾನೆಯೂ ನುರಿತ ಕೆಲಸಗಾರರೂ ಜೊತೆಗೇ ಸಿಕ್ಕಿದ್ದರು. 2016 ಮತ್ತು 2017ರಲ್ಲಿ ಅದು ತಂಡಗಳ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೇರಲು ಈ ಅಡಿಪಾಯವೂ ಕಾರಣ ಎಂದು ನಾನು ನಂಬಿದ್ದೇನೆ.

ಹಿಂದೊಮ್ಮೆ ಹೊಸ ತಂಡ 4.8 ಕೋಟಿ ಡಾಲರ್ ಠೇವಣಿ ಇಡಬೇಕಿತ್ತು. ಓಟದಲ್ಲಿ ಉಳಿದವರಿಗೆ ಅದು ಕಂತುಗಳಲ್ಲಿ ಮರಳುತ್ತಿತ್ತು. 2002ರಲ್ಲಿ ಟೊಯೊಟಾ ಬಂದದ್ದು ಈ ನಿಯಮದಡಿಯಲ್ಲಿ. ಇಂದಿನ ಶುಲ್ಕದ ಒಂದು ಪಾಲನ್ನಾದರೂ ಹಾಗೆ ಠೇವಣಿಯಾಗಿ ಪಡೆದು ಮೊದಲ ಮೂರು ವರ್ಷಗಳಲ್ಲಿ ಹಿಂದಿರುಗಿಸಿದರೆ, ಆ ಹಣ ಹೊಸ ತಂಡದ ಅಚ್ಚುಗಳಿಗೆ, ಪರೀಕ್ಷೆಗಳಿಗೆ ಮತ್ತು ಎಂಜಿನಿಯರ್‌ಗಳ ಸಂಬಳಕ್ಕೆ ಒದಗುತ್ತದೆ.