ಹನ್ನೊಂದರ ಲೆಕ್ಕ

ಮೋಟಾರು ರೇಸ್‌ಗಳ ಅಂಕಪಟ್ಟಿ ಸಿದ್ಧಪಡಿಸುವ ನನ್ನನ್ನು ಕಂಡ ಕೂಡಲೇ, 1988ರ ಫಾರ್ಮುಲಾ ಒನ್ ಋತುವಿನಲ್ಲಿ 105 ಅಂಕ ಗಳಿಸಿದ ಅಲೆನ್ ಪ್ರೋಸ್ಟ್ ಅವರನ್ನು ಬಿಟ್ಟು 94 ಅಂಕದ ಐರ್ಟನ್ ಸೆನ್ನಾ ಚಾಂಪಿಯನ್ ಆದದ್ದು ಅನ್ಯಾಯವಲ್ಲವೇ ಎಂದು ಕೇಳುವವರು ಇಂದಿಗೂ ಇದ್ದಾರೆ. ಅವರ ಅಭಿಮಾನದ ಬಗ್ಗೆ ನನಗೆ ತಕರಾರಿಲ್ಲ. ಏನನ್ನು ಕೂಡಬೇಕೆಂದು ನೋಡದೆಯೇ ಕೂಡಲು ಹೊರಡುವ ಅಭ್ಯಾಸವಷ್ಟೇ ಸಹನೆ ಕೆಡಿಸುತ್ತದೆ.

ಆಗಿನ ನಿಯಮದಂತೆ 16 ರೇಸ್‌ಗಳ ಪೈಕಿ ಚಾಲಕನ ಅತ್ಯುತ್ತಮ 11 ಫಲಿತಾಂಶಗಳು ಮಾತ್ರ ಗಣನೆಗೆ ಬರುತ್ತಿದ್ದವು. ಇದು ಕೊನೆಯಲ್ಲಿ ಯಾರೋ ಹೂಡಿದ ಉಪಾಯವಲ್ಲ. 1950ರ ಮೊದಲ ಚಾಂಪಿಯನ್‌ಷಿಪ್‌ನಲ್ಲೇ ಈ ಬಗೆಯ ಲೆಕ್ಕವಿತ್ತು. ಕಾರು ಪದೇ ಪದೇ ಕೆಟ್ಟು ನಿಲ್ಲುವ ಚಾಲಕನಿಗೆ ಇಂಥ ನಿಯಮ ಆಸರೆ. ಆದರೆ ಆ ವರ್ಷ ಇವರಿಬ್ಬರೂ ಓಡಿಸುತ್ತಿದ್ದ, ಹೋಂಡಾ ಎಂಜಿನ್ನಿನ ಮೆಕ್‌ಲಾರೆನ್ ತಂಡ 16ರಲ್ಲಿ 15 ರೇಸ್ ಗೆದ್ದಿತು, ಪ್ರೋಸ್ಟ್ ಗುರಿ ಮುಟ್ಟಿದ 14 ರೇಸ್‌ಗಳಲ್ಲಿ ಒಮ್ಮೆಯೂ ಎರಡನೇ ಸ್ಥಾನಕ್ಕಿಂತ ಕೆಳಗಿಳಿಯಲಿಲ್ಲ. ಹಾಗಾಗಿ ಕೈಬಿಡಬೇಕಾದದ್ದೂ ಅವರಿಗೇ ಹೆಚ್ಚಾಯಿತು.

ಜಪಾನಿನ ಸುಜುಕಾವನ್ನೇ ನೋಡಿ. ಅಲ್ಲಿಗೆ ಬರುವಾಗ ಪ್ರೋಸ್ಟ್ ಬಳಿ 6 ಗೆಲುವು, 6 ಎರಡನೇ ಸ್ಥಾನಗಳಿದ್ದವು. ಗೆಲುವಿಗೆ 9, ಎರಡನೇ ಸ್ಥಾನಕ್ಕೆ 6 ಅಂಕದಂತೆ ಒಟ್ಟು 90 ಆದರೂ, ಗಣನೆಗೆ ಬಂದದ್ದು 84. ಆರಂಭದಲ್ಲೇ ಎಂಜಿನ್ ನಿಂತು 14ನೇ ಸ್ಥಾನಕ್ಕೆ ಕುಸಿದಿದ್ದ ಸೆನ್ನಾ, ಒಬ್ಬೊಬ್ಬರನ್ನೇ ಹಿಂದಿಕ್ಕಿ ಗೆದ್ದು, ಹೊಸ 9 ಬಂದು ಹಳೆಯ 1 ಹೋಗಿ, 79ರಿಂದ 87ಕ್ಕೆ ಏರಿದರು. ಎರಡನೆಯವರಾದ ಪ್ರೋಸ್ಟ್‌ಗೆ ಹೊಸ 6 ಬಂತು, ಹಳೆಯ 6 ಹೋಯಿತು, ಲಾಭ ಸೊನ್ನೆ. ಉಳಿದ ಒಂದು ರೇಸ್ ಗೆದ್ದರೂ ಅವರು ಮುಟ್ಟಬಹುದಾಗಿದ್ದುದು 87 ಮಾತ್ರ, ಸಮವಾದರೆ ಹೆಚ್ಚು ಗೆಲುವುಗಳಿದ್ದ ಸೆನ್ನಾ ಮುಂದೆ. ಪ್ರಶಸ್ತಿ ಅಲ್ಲಿಯೇ ತೀರ್ಮಾನವಾಯಿತು.

ಎಲ್ಲ ರೇಸ್‌ಗಳನ್ನೂ ಕೂಡುವ ಕ್ರಮ 1991ರಿಂದ ಬಂತು. ಅದೇ ಕ್ರಮ 1988ರಲ್ಲಿದ್ದಿದ್ದರೆ ಪ್ರೋಸ್ಟ್ ಗೆಲ್ಲುತ್ತಿದ್ದರು ಎನ್ನಲು ನಾನು ಹಿಂಜರಿಯುತ್ತೇನೆ, ಏಕೆಂದರೆ ನಿಯಮ ಬೇರೆಯಾಗಿದ್ದರೆ ಇಬ್ಬರೂ ಬೇರೆಯಾಗಿಯೇ ಓಡಿಸುತ್ತಿದ್ದರೇನೋ. ನಮ್ಮ ರ‍್ಯಾಲಿಯೊಂದರಲ್ಲಿ ಮೊಬೈಲಿನಲ್ಲಿ ಅಂಕ ಕೂಡಿಕೊಂಡು ಜಗಳಕ್ಕೆ ಬಂದ ಹುಡುಗನಿಗೆ ನಿಯಮದ ಪುಟ ತೋರಿಸಿದಾಗ, "ಇದನ್ನು ಮೊದಲೇ ಹೇಳಬಾರದಿತ್ತೇ ಸಾರ್?" ಎಂದ, ಅದೇ ಪುಟದ ಕೆಳಗೆ ಅವನ ಸಹಿ ಇತ್ತು.

ಕೊನೆಯ ಅಡಿಲೇಡ್ ರೇಸನ್ನು ಪ್ರೋಸ್ಟ್ ಗೆದ್ದರು. ಎರಡನೆಯವರಾದ ಸೆನ್ನಾ ಪಟ್ಟಿಯಲ್ಲಿ ಸ್ಪೇನಿನ 3 ಹೋಗಿ 6 ಬಂತು: 90ಕ್ಕೆ 87.