ಎರಡು ಅಲೆಗಳು ಎದುರಾದಾಗ: ವ್ಯತಿಕರಣದ ಅಧ್ಯಯನ ಟಿಪ್ಪಣಿ

ಗಾಳಿಯಿಲ್ಲದ ಮುಂಜಾನೆ ಕಲಬುರಗಿಯ ಅಪ್ಪನ ಕೆರೆಯ ದಂಡೆಯಲ್ಲಿ ನಿಂತು, ಒಂದು ಮಾರು ಅಂತರದಲ್ಲಿ ಎರಡು ಹರಳುಗಳನ್ನು ಏಕಕಾಲಕ್ಕೆ ನೀರಿಗೆ ಬಿಟ್ಟು ನೋಡಿ. ಬಳೆಗಳಂತೆ ಹರಡುವ ಅಲೆಗಳು ನಡುವೆ ಸಂಧಿಸಿ, ಒಂದನ್ನೊಂದು ಹಾಯ್ದು, ದುಂಡನೆಯ ಆಕಾರ ಕೆಡದೆ ಮುಂದೆ ಸಾಗುತ್ತವೆ. ಅಲ್ಲಿ ತೇಲುವ ಬೇವಿನ ಎಲೆಯು ಹೆಚ್ಚುಕಡಿಮೆ ಇದ್ದಲ್ಲಿಯೇ ಏರಿಳಿಯುತ್ತದೆ, ಏಕೆಂದರೆ ಅಲೆಯೊಂದಿಗೆ ಸಾಗುವುದು ಶಕ್ತಿಯೇ ಹೊರತು ನೀರಲ್ಲ.

‘ಅಲೆಗಳು ಡಿಕ್ಕಿ ಹೊಡೆದು ನಾಶವಾಗುತ್ತವೆ’ ಎಂದು ನಮ್ಮಲ್ಲಿ ಅನೇಕರು ಉತ್ತರ ಪತ್ರಿಕೆಯಲ್ಲಿ ಬರೆಯುತ್ತೇವೆ, ಅದು ತಪ್ಪು. ಅಲೆಗಳು ಸಂಧಿಸಿದ ಜಾಗದಲ್ಲಿ, ಸಂಧಿಸಿದಷ್ಟು ಹೊತ್ತು ಮಾತ್ರ, ಅವುಗಳ ಸ್ಥಾನಪಲ್ಲಟಗಳು (ಸಮಮಟ್ಟದಿಂದ ಏರಿದ ಅಥವಾ ಇಳಿದ ಅಳತೆಗಳು) ಚಿಹ್ನೆಸಹಿತ, ಅಂದರೆ ಏರಿಕೆ ಧನ, ಇಳಿಕೆ ಋಣ ಎಂದು, ಕೂಡುತ್ತವೆ. ಇದೇ ಅಧ್ಯಾರೋಪಣ ತತ್ವ. ಉಬ್ಬಿಗೆ ಉಬ್ಬು ಸೇರಿದರೆ ಎತ್ತರ ಹೆಚ್ಚುತ್ತದೆ. ಉಬ್ಬಿಗೆ ಅಷ್ಟೇ ಆಳದ ತಗ್ಗು ಸೇರಿದರೆ ಆ ಕ್ಷಣಕ್ಕೆ ನೀರು ಸಮತಟ್ಟಾಗುತ್ತದೆ. ಅಲೆಗಳು ಹೀಗೆ ಕೂಡಿ ಒಂದನ್ನೊಂದು ಹೆಚ್ಚಿಸುವುದು ಅಥವಾ ತಗ್ಗಿಸುವುದೇ ವ್ಯತಿಕರಣ.

ಶಬ್ದದಲ್ಲಿ ಇದನ್ನು ಲೆಕ್ಕ ಹಾಕಿಯೇ ತಿಳಿಯಬೇಕು. ಗಾಳಿಯಲ್ಲಿ ಶಬ್ದದ ವೇಗ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 331 ಮೀಟರ್ ಇದ್ದು, ಪ್ರತಿ ಡಿಗ್ರಿಗೆ ಸುಮಾರು 0.6 ಮೀಟರ್ ಹೆಚ್ಚುವುದರಿಂದ, ನಮ್ಮ ಬೇಸಿಗೆಯ 40 ಡಿಗ್ರಿಯಲ್ಲಿ ಅದು 355 ಮೀಟರ್ ಆಗುತ್ತದೆ. ಆಗ 500 ಹರ್ಟ್ಸ್ (ಸೆಕೆಂಡಿಗೆ 500 ಕಂಪನ) ಸ್ವರದ ತರಂಗದೂರ, ಅಂದರೆ ಒಂದು ಪೂರ್ಣ ಅಲೆಯ ಉದ್ದ, 71 ಸೆಂಟಿಮೀಟರ್. ಬಯಲಿನಲ್ಲಿ ಎರಡು ಸ್ಪೀಕರ್‌ಗಳು ಇದೊಂದೇ ಸ್ವರವನ್ನು ಜೊತೆಜೊತೆಯಾಗಿ ಹೊರಡಿಸುತ್ತಿದ್ದರೆ, ಒಂದಕ್ಕಿಂತ ಇನ್ನೊಂದು 35.5 ಸೆಂಟಿಮೀಟರ್, ಅಂದರೆ ಅರ್ಧ ತರಂಗದೂರದಷ್ಟು, ಹೆಚ್ಚು ದೂರವಿರುವ ಸ್ಥಳದಲ್ಲಿ ಒಂದರ ಉಬ್ಬಿಗೆ ಇನ್ನೊಂದರ ತಗ್ಗು ಸೇರಿ ಸ್ವರ ಕ್ಷೀಣವಾಗಿ ಕೇಳಿಸುತ್ತದೆ. ಜಾತ್ರೆಯ ಹಾಡಿನಲ್ಲಿ ಅನೇಕ ಆವೃತ್ತಿಗಳು (ಸೆಕೆಂಡಿಗೆ ಇಷ್ಟು ಕಂಪನ ಎಂಬ ಎಣಿಕೆಗಳು) ಬೆರೆತಿದ್ದು, ಒಂದೊಂದಕ್ಕೂ ಇಂತಹ ಸ್ಥಳ ಬೇರೆಯಾಗಿರುವುದರಿಂದ ಹಾಡು ಎಲ್ಲಿಯೂ ಪೂರ್ತಿ ಅಡಗುವುದಿಲ್ಲ.

ಹಾಗಾದರೆ ಕ್ಷೀಣಿಸಿದಲ್ಲಿನ ಶಕ್ತಿ ಎಲ್ಲಿ ಹೋಯಿತು? ನನ್ನ ದೃಷ್ಟಿಯಲ್ಲಿ ಈ ಪಾಠದ ಜೀವಾಳ ಈ ಪ್ರಶ್ನೆಯೇ. ತೀವ್ರತೆಯು ಪಾರದ (ಅಲೆಯ ಗರಿಷ್ಠ ಸ್ಥಾನಪಲ್ಲಟದ) ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಪಾರ ಇಮ್ಮಡಿಯಾದ ಸ್ಥಳದಲ್ಲಿ ತೀವ್ರತೆ ಒಂದೇ ಅಲೆಯದರ ನಾಲ್ಕು ಪಟ್ಟಾಗುತ್ತದೆ, ಅಡಗಿದಲ್ಲಿ ಸೊನ್ನೆಯಾಗುತ್ತದೆ. ನಾಲ್ಕು ಮತ್ತು ಸೊನ್ನೆಯ ಸರಾಸರಿ ಎರಡು. ಅದು ಎರಡು ಅಲೆಗಳ ಒಟ್ಟು ತೀವ್ರತೆಗೆ ಸಮ. ಶಕ್ತಿ ಅಳಿದಿಲ್ಲ, ಹಂಚಿಕೆ ಬದಲಾಗಿದೆಯಷ್ಟೆ. ಬೆಳಕಿಗೂ ವ್ಯತಿಕರಣ ಅನ್ವಯಿಸುತ್ತದೆಂದು ಥಾಮಸ್ ಯಂಗ್ 1801ರಲ್ಲಿ ಪ್ರತಿಪಾದಿಸಿದರು.

ಆವೃತ್ತಿಗಳು ತುಸು ಬೇರೆಯಾಗಿದ್ದರೆ ಈ ಏರಿಳಿತ ಒಂದೇ ಸ್ಥಳದಲ್ಲಿ ಕಾಲಕ್ರಮದಲ್ಲಿ ಕೇಳಿಸುತ್ತದೆ. 256 ಮತ್ತು 259 ಹರ್ಟ್ಸ್‌ನ ಸ್ವರಗಳು ಕೂಡಿದಾಗ ಸೆಕೆಂಡಿಗೆ ಮೂರು ಬೀಟ್ಸ್, ಅಂದರೆ ಸದ್ದಿನ ಮೂರು ಏರಿಳಿತಗಳು, ಉಂಟಾಗುತ್ತವೆ. ತಂಬೂರಿಯ ಒಂದೇ ಸ್ವರದ ಎರಡು ತಂತಿಗಳನ್ನು ಶ್ರುತಿಗೂಡಿಸುವವರು ಬಿಗಿಯನ್ನು ಹದಗೊಳಿಸುತ್ತ ಹೋದಂತೆ ಆ ಅಲುಗಾಟ ನಿಧಾನವಾಗುತ್ತ ಬಂದು, ಆವೃತ್ತಿಗಳು ಒಂದಾದೊಡನೆ ನಿಂತುಬಿಡುತ್ತದೆ.